ಕೌಂಟಿಯ ಮನೆ ಲೆಕ್ಕ: ಹಗ್ಗ ಎಲ್ಲಿ ಸಾಲದು, ಸೇರಿಸುವವರು ಯಾರು

ನಮ್ಮ ಬೀದಿಯ ತುದಿಯಲ್ಲಿ ವರ್ಷಗಟ್ಟಲೆ ಬೇಲಿ ಸುತ್ತಿಕೊಂಡು ಬಿದ್ದಿದ್ದ ಜಾಗದಲ್ಲಿ ಒಂದು ಬೆಳಿಗ್ಗೆ ಬಿಳಿ ಫಲಕ ಎದ್ದು ನಿಂತಿತ್ತು. ಕೈಗೆಟುಕುವ ದರದ ಬಾಡಿಗೆ ಮನೆಗಳು ಬರುತ್ತವೆ, ಇಂಥ ದಿನ ಸಾರ್ವಜನಿಕ ವಿಚಾರಣೆ ಎಂಬ ಒಕ್ಕಣೆ. ಸಂಜೆಯೊಳಗೆ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪು ಕಾದ ಕಾವಲಿಯಾಯಿತು. ಮನೆಯ ಬೆಲೆ ಇಳಿಯುತ್ತದೆ ಎಂದು ಕೆಲವರು. ಮಗುವನ್ನು ನೋಡಿಕೊಳ್ಳಲು ಬರುವ ಹೆಂಗಸು ಟ್ರೇಸಿ ಎಂಬ ದೂರದ ಊರಿನಿಂದ ಎರಡು ಗಂಟೆ ಕಾರು ಓಡಿಸಿಕೊಂಡು ಬರುತ್ತಾಳಲ್ಲ, ಅವಳಿಗೊಂದು ಮನೆ ಬೇಡವೇ ಎಂದು ಇನ್ನು ಕೆಲವರು. ಇದಕ್ಕೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.

ಕೇಳಬೇಕಾದದ್ದು ಅದನ್ನೇ. ಸಾಂಟಾ ಕ್ಲಾರಾ ಕೌಂಟಿಯಲ್ಲಿ ಇದ್ದುಕೊಂಡು ಇಂಥ ಕಡತಗಳನ್ನು ಕೆಲವು ವರ್ಷಗಳಿಂದ ಓದುತ್ತಾ ಬಂದಿರುವ ನನಗೆ ಅರ್ಥವಾದದ್ದು ಇಷ್ಟು: ಕೌಂಟಿ ಸಾಮಾನ್ಯವಾಗಿ ತಾನೇ ಮನೆ ಕಟ್ಟುವುದಿಲ್ಲ. ಬೇರೆ ಎಲ್ಲರೂ ಕೊಟ್ಟ ಮೇಲೂ ಸಾಲದೆ ಉಳಿಯುವ ಕೊನೆಯ ಪಾಲನ್ನು ಅದು ತುಂಬುತ್ತದೆ. ಆ ಕೊನೆಯ ಪಾಲು ಎಷ್ಟು, ಯಾಕೆ ಅಷ್ಟು ಎಂದು ತಿಳಿದವರ ಮಾತಿಗೆ ವಿಚಾರಣೆಯಲ್ಲಿ ಬೆಲೆ ಇರುತ್ತದೆ. ಅಮೆರಿಕದ ಯಾವ ಕೌಂಟಿಯಲ್ಲಿ ಇರುವ ಕನ್ನಡಿಗರಾದರೂ ಅನುಸರಿಸಬಹುದಾದ ದಾರಿಯನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಕ್ಯಾಲಿಫೋರ್ನಿಯಾದವು, ನನಗೆ ಗೊತ್ತಿರುವುದು ಅದು.

ಮೊದಲು: ಜಾಗ ಯಾರ ಆಡಳಿತಕ್ಕೆ ಸೇರಿದ್ದು?

ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ ಎಂದು ಊರಿನವರಿಗೆ ಹೇಳಿ ಮುಗಿಸುತ್ತೇವೆ. ಅದು ಅರ್ಧ ಮಾತ್ರ ಸರಿ. ಜಿಲ್ಲಾಧಿಕಾರಿ ಮೇಲಿನಿಂದ ನೇಮಕವಾಗಿ ಬರುತ್ತಾರೆ. ಕೌಂಟಿಯ ಸೂಪರ್‌ವೈಸರುಗಳನ್ನು ನಾವೇ ಆರಿಸುತ್ತೇವೆ, ಸಾಂಟಾ ಕ್ಲಾರಾದಲ್ಲಿ ಐವರು. ಅವರು ಬಜೆಟ್ ಮಾಡುತ್ತಾರೆ, ಮತದಾರರು ಒಪ್ಪಿದರೆ ಬಾಂಡ್ ಮಾರಿ ಸಾಲ ಎತ್ತುತ್ತಾರೆ.

ಆದರೆ ಎಲ್ಲಿ ಏನು ಕಟ್ಟಬಹುದು ಎಂಬ ಜೋನಿಂಗ್ ಅಧಿಕಾರ ನಗರದ ಗಡಿಯೊಳಗೆ ನಗರಸಭೆಯದು. ಕೌಂಟಿಯ ಜೋನಿಂಗ್ ನಡೆಯುವುದು ಯಾವ ನಗರಕ್ಕೂ ಸೇರದ ಪ್ರದೇಶದಲ್ಲಿ. ಹಾಗಾಗಿ ಸ್ಯಾನ್ ಹೊಸೆಯ ಒಳಗಿನ ಒಂದು ಯೋಜನೆಗೆ ಅನುಮತಿ ನಗರದಿಂದ, ದುಡ್ಡು ಕೌಂಟಿಯಿಂದ ಬರಬಹುದು. ವಿಚಾರಣೆಗಳೂ ಎರಡು. ಕಟ್ಟಡದ ಎತ್ತರದ ಬಗ್ಗೆ ಸೂಪರ್‌ವೈಸರುಗಳ ಮುಂದೆ ಕೂಗಾಡಿ, ಅದು ತಮ್ಮ ಕೈಯಲ್ಲಿಲ್ಲ ಎಂಬ ಉತ್ತರ ಕೇಳಿ ಮುಖ ಸಣ್ಣಗೆ ಮಾಡಿಕೊಂಡು ಬಂದವರನ್ನು ನೋಡಿದ್ದೇನೆ. ಮೇರಿಲ್ಯಾಂಡಿನ ಮಾಂಟ್ಗೊಮೆರಿ, ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕಡೆ ಇರುವವರಿಗೆ ಈ ಗೊಂದಲ ಕಡಿಮೆ. ಅಲ್ಲಿ ಬಹುಪಾಲು ಪ್ರದೇಶಕ್ಕೆ ಜೋನಿಂಗ್ ಕೂಡ ಕೌಂಟಿಯದೇ.

ಎರಡನೆಯದು: ಮನೆ ಯಾವ ಆದಾಯದವರಿಗೆ?

'ಕೈಗೆಟುಕುವ' ಎಂದೊಡನೆ ಯಾರ ಕೈಗೆ ಎಂದು ಕೇಳಿ. ಒಕ್ಕೂಟ ಸರ್ಕಾರದ ವಸತಿ ಇಲಾಖೆ, ಅಂದರೆ ಹಡ್, ಪ್ರತಿ ವರ್ಷ ಪ್ರತಿ ಪ್ರದೇಶದ ನಡುವಣ ಕುಟುಂಬ ಆದಾಯವನ್ನು, ಅಂದರೆ ಅರ್ಧ ಕುಟುಂಬಗಳು ಮೇಲೆ, ಅರ್ಧ ಕೆಳಗೆ ಇರುವ ಮಟ್ಟವನ್ನು, ಪ್ರಕಟಿಸುತ್ತದೆ. ಎಲ್ಲರೂ ಅದನ್ನು ಎಎಂಐ ಎನ್ನುತ್ತಾರೆ. ಅದರ 80 ಶೇಕಡಾ ಒಳಗಿನವರು ಕಡಿಮೆ ಆದಾಯದವರು, 50ರ ಒಳಗಿನವರು ತೀರಾ ಕಡಿಮೆ, 30ರ ಒಳಗಿನವರು ಕಡುಕಡಿಮೆ. ಆದಾಯದ 30 ಶೇಕಡಾಕ್ಕಿಂತ ಹೆಚ್ಚು ಬಾಡಿಗೆಗೆ ಹೋದರೆ ಅದು ಹೊರೆ ಎಂಬುದು ಎಲ್ಲ ಕಡತಗಳಲ್ಲೂ ಇರುವ ಅಳತೆ.

ಸಿಲಿಕಾನ್ ಕಣಿವೆಯಲ್ಲಿ ನಡುವಣ ಆದಾಯವೇ ಆಕಾಶದಲ್ಲಿರುವುದರಿಂದ, 80 ಶೇಕಡಾ ಪಂಕ್ತಿಯಲ್ಲಿ ಶಾಲಾ ಶಿಕ್ಷಕರೂ ಬಂದು ಕೂರುತ್ತಾರೆ. ನಮ್ಮ ಗುಂಪಿನಲ್ಲಿ ಬಡವರ ಕಾಲೊನಿ ಬರುತ್ತದೆ ಎಂದು ಹೆದರಿದ್ದ ಒಬ್ಬರು ಆದಾಯದ ಪಟ್ಟಿ ನೋಡಿ, ಮೊದಲ ಕೆಲಸಕ್ಕೆ ಸೇರಿದಾಗ ತಾವೇ ಅದರೊಳಗೆ ಇದ್ದದ್ದನ್ನು ಕಂಡು ಆ ಮಾತು ನಿಲ್ಲಿಸಿದರು.

ಮೂರನೆಯದು: ಯೋಜನೆಯ ಕಾಗದಗಳನ್ನು ಹುಡುಕಿ

ಎರಡು ದಾಖಲೆಗಳು ಮುಖ್ಯ. ಒಂದು, ಕನ್ಸಾಲಿಡೇಟೆಡ್ ಪ್ಲಾನ್, ಅಂದರೆ ಒಕ್ಕೂಟದ ಅನುದಾನವನ್ನು ಹೇಗೆ ಬಳಸುತ್ತೇವೆ ಎಂಬ ಯೋಜನೆ. ಒಕ್ಕೂಟ ಸರ್ಕಾರದಿಂದ ಬಡಾವಣೆಗಳ ಅಭಿವೃದ್ಧಿಗೆಂದು ಸಿಡಿಬಿಜಿ ಅನುದಾನ ಮತ್ತು ಕೈಗೆಟುಕುವ ಮನೆಗಳಿಗೆಂದು ಹೋಮ್ ಅನುದಾನ ಪಡೆಯುವ ಕೌಂಟಿಗಳು ಇದನ್ನು ಮೂರರಿಂದ ಐದು ವರ್ಷಕ್ಕೊಮ್ಮೆ ಬರೆಯಬೇಕು, ಜೊತೆಗೆ ಪ್ರತಿ ವರ್ಷದ ಕ್ರಿಯಾಯೋಜನೆ. ಮೊದಲನೆಯ ಅನುದಾನ 1974ರ ಕಾನೂನಿನಿಂದ ಬಂದದ್ದು, ಎರಡನೆಯದು 1990ರದ್ದು. ಕರಡನ್ನು ಜನರ ಮುಂದಿಟ್ಟು ಕನಿಷ್ಠ 30 ದಿನ ಅಭಿಪ್ರಾಯಕ್ಕೆ ಕಾಯಬೇಕೆಂಬ ನಿಯಮವಿದೆ. ಆ ಮೂವತ್ತು ದಿನಗಳಲ್ಲಿ ಬರುವ ಪತ್ರಗಳು ಬೆರಳೆಣಿಕೆಯಷ್ಟು. ಹಾಗಾಗಿ ಒಂದು ಒಳ್ಳೆಯ ಪತ್ರ ಎದ್ದು ಕಾಣುತ್ತದೆ.

ಎರಡು, ಕ್ಯಾಲಿಫೋರ್ನಿಯಾದ ಹೌಸಿಂಗ್ ಎಲಿಮೆಂಟ್. ಇಲ್ಲಿಯ ಪ್ರತಿ ನಗರ ಮತ್ತು ಕೌಂಟಿ ಸಾಮಾನ್ಯವಾಗಿ ಎಂಟು ವರ್ಷಕ್ಕೊಮ್ಮೆ, ರಾಜ್ಯದ ಗುರಿಯಲ್ಲಿ ತನ್ನ ಪಾಲಿಗೆ ಬಂದ ಮನೆಗಳಿಗೆ ಜಾಗ ಎಲ್ಲಿದೆ ಎಂದು ತೋರಿಸಬೇಕು. 2023ರಿಂದ 2031ರ ಸುತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಇಡೀ ಬೇ ಏರಿಯಾಕ್ಕೆ ಬಂದ ಗುರಿ 4,41,176 ಮನೆಗಳು, ಸ್ಯಾನ್ ಹೊಸೆಯೊಂದಕ್ಕೇ 62,200. ಈ ದಾಖಲೆಯ ಕೊನೆಯಲ್ಲಿ ಜಾಗಗಳ ಪಟ್ಟಿ ಇರುತ್ತದೆ. ಮುನ್ನುಡಿಯನ್ನು ಬಿಟ್ಟು ನೇರವಾಗಿ ಆ ಪಟ್ಟಿಗೆ ಹೋಗಿ. ಒಂದು ಶನಿವಾರ ಹತ್ತು ವಿಳಾಸಗಳನ್ನು ಬರೆದುಕೊಂಡು ಸೈಕಲ್ಲಿನಲ್ಲಿ ನೋಡಿಬನ್ನಿ. ಚೆನ್ನಾಗಿ ವ್ಯಾಪಾರ ನಡೆಯುತ್ತಿರುವ ಅಂಗಡಿ ಸಾಲನ್ನು 'ಮನೆ ಕಟ್ಟಬಹುದಾದ ಜಾಗ' ಎಂದು ತೋರಿಸಿದ್ದರೆ, ಆ ಮನೆಗಳು ಕಾಗದದಲ್ಲೇ ಉಳಿಯುತ್ತವೆ. ಈ ದಾಖಲೆಗೆ ರಾಜ್ಯದ ಒಪ್ಪಿಗೆ ಸಿಗದ ಊರಿನಲ್ಲಿ ಬಿಲ್ಡರ್ಸ್ ರೆಮಿಡಿ ಎಂಬ ಕಾನೂನಿನ ಕಲಮು ಎಚ್ಚೆತ್ತುಕೊಳ್ಳುತ್ತದೆ. ಒಂದಿಷ್ಟು ಪಾಲು ಮನೆಗಳನ್ನು ಕಡಿಮೆ ಆದಾಯದವರಿಗೆ ಮೀಸಲಿಟ್ಟ ಬಿಲ್ಡರ್, ಊರಿನ ಜೋನಿಂಗ್ ಮೀರಿಯೂ ಅರ್ಜಿ ಹಾಕಬಹುದು.

ನಾಲ್ಕನೆಯದು: ನೆಲ

ಕೌಂಟಿಯ ಹತ್ತಿರ ಹಳೆಯ ಕಚೇರಿ, ಪಾರ್ಕಿಂಗ್ ಜಾಗ, ಬಳಸದ ನಿವೇಶನಗಳು ಇರುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚುವರಿ ಸರ್ಕಾರಿ ನೆಲವನ್ನು ಮಾರುವ ಮೊದಲು ಕೈಗೆಟುಕುವ ಮನೆ ಕಟ್ಟುವವರಿಗೆ ತಿಳಿಸಿ ಅವಕಾಶ ಕೊಡಬೇಕು. ನೆಲವನ್ನು ಮಾರದೆ ದೀರ್ಘ ಗುತ್ತಿಗೆಗೆ ಕೊಡುವುದೇ ಮೇಲು ಎನ್ನುವುದು ನನ್ನ ಅಭಿಪ್ರಾಯ. ಕಡಿಮೆ ಬಾಡಿಗೆಯ ಕರಾರು ಮುಗಿದ ದಿನವೂ ಮಣ್ಣು ಸಾರ್ವಜನಿಕರದೇ ಆಗಿರುತ್ತದೆ.

ದೇವಸ್ಥಾನ, ಚರ್ಚು, ಮಸೀದಿಗಳ ಆಡಳಿತ ಮಂಡಳಿಯಲ್ಲಿ ಇರುವವರು ಇದನ್ನು ಗಮನಿಸಬೇಕು: 2023ರಲ್ಲಿ ಅಂಗೀಕಾರವಾಗಿ 2024ರ ಜನವರಿಯಿಂದ ಜಾರಿಯಲ್ಲಿರುವ ಎಸ್‌ಬಿ 4 ಕಾನೂನು, ಧಾರ್ಮಿಕ ಸಂಸ್ಥೆಗಳು ತಮ್ಮ ನೆಲದಲ್ಲಿ ಕೈಗೆಟುಕುವ ಮನೆ ಕಟ್ಟುವುದಕ್ಕೆ ಜೋನಿಂಗ್ ಬದಲಾವಣೆಯ ತಲೆನೋವನ್ನು ತಪ್ಪಿಸಿದೆ. ಹಬ್ಬಕ್ಕೆ ಮಾತ್ರ ತುಂಬುವ ಪಾರ್ಕಿಂಗ್ ಜಾಗ ಉಳಿದ ಮುನ್ನೂರು ದಿನ ಬಿಸಿಲು ಕಾಯುತ್ತಿರುತ್ತದೆ.

ಐದನೆಯದು: ಕೊರತೆಯ ಲೆಕ್ಕ

ಇಲ್ಲಿ ಸ್ವಲ್ಪ ಕೂತು ಲೆಕ್ಕ ಹಾಕೋಣ. ಕಾಗದ, ಪೆನ್ನು ತೆಗೆದುಕೊಳ್ಳಿ. ಅಂಕಿಗಳೆಲ್ಲ ನಾನು ಲೆಕ್ಕಕ್ಕಾಗಿ ಇಟ್ಟುಕೊಂಡವು, ಆದರೆ ನಿಜವಾದ ಕಡತದ ಸಾಲುಗಳು ಹೀಗೇ ಬರುತ್ತವೆ.

60 ಮನೆಗಳ ಕಟ್ಟಡ. ನೆಲ, ನಿರ್ಮಾಣ, ವಾಸ್ತುಶಿಲ್ಪಿ, ಬಡ್ಡಿ, ಶುಲ್ಕ ಎಲ್ಲ ಸೇರಿ ಮನೆಗೆ 7 ಲಕ್ಷ ಡಾಲರ್. ಒಟ್ಟು 4.2 ಕೋಟಿ. ಬೇ ಏರಿಯಾದಲ್ಲಿ ಇದು ದುಬಾರಿ ಅಂದಾಜಲ್ಲ.

ನಾಲ್ವರ ಕುಟುಂಬದ ನಡುವಣ ಆದಾಯ ವರ್ಷಕ್ಕೆ 1.8 ಲಕ್ಷ ಡಾಲರ್ ಎನ್ನೋಣ. 30 ಮನೆಗಳು ಅದರ ಅರ್ಧ ಆದಾಯದವರಿಗೆ. ಅವರ 90,000ದಲ್ಲಿ ಶೇಕಡಾ 30, ಅಂದರೆ ವರ್ಷಕ್ಕೆ 27,000 ಬಾಡಿಗೆ. ಇನ್ನು 30 ಮನೆಗಳು 30 ಶೇಕಡಾ ಪಂಕ್ತಿಯವರಿಗೆ. ಅವರ 54,000ದಲ್ಲಿ 16,200. ಎರಡೂ ಸೇರಿ ವರ್ಷಕ್ಕೆ 12.96 ಲಕ್ಷ. ಕರೆಂಟು, ಗ್ಯಾಸಿನ ಖರ್ಚು ಈ 30 ಶೇಕಡಾದೊಳಗೇ ಬರಬೇಕಾದ್ದರಿಂದ ಅದಕ್ಕೆ 72,000 ಕಳೆಯಿರಿ. ಖಾಲಿ ಬೀಳುವ ಮನೆಗಳಿಗೆಂದು 5 ಶೇಕಡಾ ಕಳೆಯಿರಿ. ನಿರ್ವಹಣೆ, ವಿಮೆ, ರಿಪೇರಿ ನಿಧಿ ಎಂದು ಮನೆಗೆ 9,500ರಂತೆ 5.7 ಲಕ್ಷ ಕಳೆಯಿರಿ. ಉಳಿದದ್ದು ಸುಮಾರು 5.93 ಲಕ್ಷ.

ಬ್ಯಾಂಕು ಇಷ್ಟನ್ನೂ ಕಂತಿಗೆ ಬಿಡುವುದಿಲ್ಲ. ಒಂದಿಷ್ಟು ಉಸಿರಾಡಲು ಜಾಗ ಬೇಕೆಂದು ಸುಮಾರು 4.94 ಲಕ್ಷದ ಕಂತನ್ನು ಮಾತ್ರ ಒಪ್ಪುತ್ತದೆ. 6 ಶೇಕಡಾ ಬಡ್ಡಿ, 35 ವರ್ಷ. ಸಿಗುವ ಸಾಲ 72 ಲಕ್ಷ. ಬೇಕಾದದ್ದು 420 ಲಕ್ಷ! ಬಾವಿಗೆ ಬಿಟ್ಟ ಹಗ್ಗ ಆರನೇ ಒಂದು ಭಾಗಕ್ಕೇ ಮುಗಿಯಿತು.

ಈಗ ಹಗ್ಗಕ್ಕೆ ತುಂಡು ಸೇರಿಸಬೇಕು. ಎಲ್ಲಕ್ಕಿಂತ ಉದ್ದದ ತುಂಡು 1986ರ ತೆರಿಗೆ ಕಾನೂನಿನಲ್ಲಿ ಹುಟ್ಟಿದ ಟ್ಯಾಕ್ಸ್ ಕ್ರೆಡಿಟ್. ಸರ್ಕಾರ ಕೈಗೆ ದುಡ್ಡು ಕೊಡುವುದಿಲ್ಲ, ಹತ್ತು ವರ್ಷ ತೆರಿಗೆ ಕಡಿತದ ಹಕ್ಕು ಕೊಡುತ್ತದೆ. ಅದನ್ನು ಬ್ಯಾಂಕುಗಳಂಥ ಹೂಡಿಕೆದಾರರು ಕೊಳ್ಳುತ್ತಾರೆ. ಇದರಲ್ಲಿ ಎರಡು ಬಗೆ. 9 ಶೇಕಡಾದ್ದು ದೊಡ್ಡದು, ಅದಕ್ಕೆ ಪೈಪೋಟಿ. 4 ಶೇಕಡಾದ್ದು ಚಿಕ್ಕದು, ತೆರಿಗೆ ಇಲ್ಲದ ಬಾಂಡುಗಳ ಜೊತೆ ಬರುತ್ತದೆ. ನಮ್ಮ ಕಟ್ಟಡಕ್ಕೆ ಎರಡನೆಯದು ಎನ್ನೋಣ. ಲೆಕ್ಕಕ್ಕೆ ಒಳಪಡುವ ವೆಚ್ಚ 3.6 ಕೋಟಿ. ದುಬಾರಿ ಪ್ರದೇಶವಾದ್ದರಿಂದ ಅದನ್ನು 30 ಶೇಕಡಾ ಹಿಗ್ಗಿಸಬಹುದು, 4.68 ಕೋಟಿ. ಅದರ 4 ಶೇಕಡಾದಂತೆ ಹತ್ತು ವರ್ಷಕ್ಕೆ 1.87 ಕೋಟಿ. ಹೂಡಿಕೆದಾರ ಡಾಲರಿಗೆ 85 ಸೆಂಟ್ ಕೊಟ್ಟರೆ ಕೈಗೆ 1.59 ಕೋಟಿ.

ಸಾಲ, ಕ್ರೆಡಿಟ್ ಸೇರಿ 2.31 ಕೋಟಿ. ಇನ್ನೂ 1.89 ಕೋಟಿ ಬೇಕು. ಡೆವಲಪರ್ ತನ್ನ ಶುಲ್ಕದಲ್ಲಿ 14 ಲಕ್ಷವನ್ನು ಆಮೇಲೆ ತೆಗೆದುಕೊಳ್ಳುತ್ತೇನೆ ಎನ್ನುತ್ತಾನೆ. ರಾಜ್ಯದ ನಿಧಿಯಿಂದ 80 ಲಕ್ಷ ಬರುತ್ತದೆ. ಉಳಿದ 95 ಲಕ್ಷ ಕೌಂಟಿಯದು. ನೆಲ ಕೌಂಟಿಯದೇ ಆಗಿದ್ದು ಅದರ ಬೆಲೆ 40 ಲಕ್ಷವಾದರೆ, ನಗದಿನಲ್ಲಿ ಕೊಡಬೇಕಾದದ್ದು 55 ಲಕ್ಷ.

ಈ ಲೆಕ್ಕದಲ್ಲಿ ಒಂದು ಪಾಠ ಅಡಗಿದೆ. ಬ್ಯಾಂಕಿನ ಸಾಲ ಬಾಡಿಗೆಗೆ ಕಟ್ಟಿಹಾಕಿದ್ದು, ಕ್ರೆಡಿಟ್ ಸೂತ್ರಕ್ಕೆ ಕಟ್ಟಿಹಾಕಿದ್ದು, ರಾಜ್ಯದ ನಿಧಿಗೆ ಮಿತಿ ಇದೆ. ಅನುಮತಿ ಒಂದು ವರ್ಷ ತಡವಾಗಿ ಖರ್ಚು 5 ಶೇಕಡಾ ಏರಿತು ಎನ್ನಿ, 21 ಲಕ್ಷ ಹೆಚ್ಚಾಯಿತು. ಕ್ರೆಡಿಟ್ ಸ್ವಲ್ಪ ಹಿಗ್ಗಿದರೂ ಅದರ ದೊಡ್ಡ ಪಾಲು ಕೊನೆಯ ತುಂಡಿನ ಮೇಲೆ, ಅಂದರೆ ಕೌಂಟಿಯ ಮೇಲೆ ಬೀಳುತ್ತದೆ. 'ಇನ್ನೊಂದು ಪಾರ್ಕಿಂಗ್ ಅಂತಸ್ತು ಸೇರಿಸಿ', 'ಇನ್ನೊಂದು ಅಧ್ಯಯನ ಮಾಡಿಸಿ' ಎಂದು ಮೈಕಿನ ಮುಂದೆ ಹೇಳುವವರು ತಮ್ಮ ತೆರಿಗೆಯಿಂದಲೇ ಅದನ್ನು ಕೇಳುತ್ತಿರುತ್ತಾರೆ.

ಆರನೆಯದು: ಕೌಂಟಿ ಆ ಕೊನೆಯ ತುಂಡನ್ನು ಎಲ್ಲಿಂದ ತರುತ್ತದೆ?

ಒಂದು ದಾರಿ ಬಾಂಡ್. 2016ರ ನವೆಂಬರಿನಲ್ಲಿ ಸಾಂಟಾ ಕ್ಲಾರಾ ಕೌಂಟಿಯ ಮತದಾರರು ಮೆಷರ್ ಎ ಎಂಬ 95 ಕೋಟಿ ಡಾಲರಿನ ವಸತಿ ಬಾಂಡನ್ನು ಒಪ್ಪಿದರು. ಅದರಲ್ಲಿ 70 ಕೋಟಿ ಕಡುಕಡಿಮೆ ಆದಾಯದವರ ಮನೆಗಳಿಗೆಂದೇ ಇತ್ತು. ಇಂಥ ಬಾಂಡಿಗೆ ಮೂರನೇ ಎರಡರಷ್ಟು ಮತ ಬೇಕು, ಅದು ಸ್ವಲ್ಪದರಲ್ಲೇ ಗೆದ್ದಿತು. ಸಾಲ ತೀರುವುದು ಆಸ್ತಿ ತೆರಿಗೆಯಿಂದ, ತೆರಿಗೆ ಲೆಕ್ಕದ ಮೌಲ್ಯ ಒಂದು ಲಕ್ಷಕ್ಕೆ ವರ್ಷಕ್ಕೆ ಹದಿಮೂರು ಡಾಲರಿನ ಆಸುಪಾಸು ಎಂಬ ಅಂದಾಜಿನಲ್ಲಿ. ಹತ್ತು ಲಕ್ಷದ ಮನೆಯವರಿಗೆ ತಿಂಗಳಿಗೆ ಎರಡು ಮಸಾಲೆ ಕಾಫಿಯ ದುಡ್ಡು. ಆ ಮೂರನೇ ಎರಡರ ಹೊಸ್ತಿಲನ್ನು 55 ಶೇಕಡಾಕ್ಕೆ ಇಳಿಸುವ ಪ್ರೊಪೊಸಿಷನ್ 5 ಅನ್ನು 2024ರ ನವೆಂಬರಿನಲ್ಲಿ ರಾಜ್ಯದ ಮತದಾರರು ತಿರಸ್ಕರಿಸಿದರು. ಬೇ ಏರಿಯಾದ ಒಂಬತ್ತು ಕೌಂಟಿಗಳಿಗೆಂದು ಸಿದ್ಧವಾಗಿದ್ದ 2,000 ಕೋಟಿ ಡಾಲರಿನ ಬಾಂಡನ್ನು ಅದಕ್ಕೂ ಮೊದಲೇ, ಆಗಸ್ಟಿನಲ್ಲಿ, ಮತಪತ್ರದಿಂದ ಹಿಂದಕ್ಕೆ ತೆಗೆದುಕೊಳ್ಳಲಾಯಿತು. ಹಾಗಾಗಿ ಸದ್ಯಕ್ಕೆ ಬಾಂಡಿನ ದಾರಿ ಏರುದಾರಿ.

ಇನ್ನೊಂದು ದಾರಿ ಫೇರ್‌ಫ್ಯಾಕ್ಸ್ ಕೌಂಟಿಯದು. 2005ರಲ್ಲಿ ಅದು ಆಸ್ತಿ ತೆರಿಗೆಯ ದರದಲ್ಲಿ ಒಂದು ಪೆನ್ನಿಯನ್ನು, ಅಂದರೆ ನೂರು ಡಾಲರ್ ಮೌಲ್ಯಕ್ಕೆ ಒಂದು ಸೆಂಟನ್ನು, ವಸತಿಗೆಂದು ಎತ್ತಿಟ್ಟಿತು. ಹೆಸರೇ ಪೆನ್ನಿ ನಿಧಿ. ಅನುಕೂಲವೆಂದರೆ ಚುನಾವಣೆ ಬೇಡ. ಅನನುಕೂಲವೂ ಅದೇ: ಆರ್ಥಿಕ ಮುಗ್ಗಟ್ಟು ಬಂದಾಗ ಒಂದು ಸೆಂಟು ಅರ್ಧ ಸೆಂಟಾಯಿತು.

ನನಗೆ ಹೆಚ್ಚು ಹಿಡಿಸಿದ್ದು ಮಾಂಟ್ಗೊಮೆರಿ ಕೌಂಟಿಯ ಉಪಾಯ. ಅಲ್ಲಿ ಹಳೆಯದೊಂದು ನಿಯಮವೂ ಇದೆ: ದೊಡ್ಡ ಬಡಾವಣೆ ಕಟ್ಟುವವರು ಒಂದು ಪಾಲು ಮನೆಗಳನ್ನು ಸಾಧಾರಣ ಆದಾಯದವರಿಗೆ ಬಿಡಬೇಕು ಎಂದು 1974ರಿಂದ ಜಾರಿಯಲ್ಲಿದೆ, ದೇಶಕ್ಕೇ ಮಾದರಿಯಾದದ್ದು. ಆದರೆ ಉಪಾಯ ಎಂದದ್ದು 2021ರ ಹೌಸಿಂಗ್ ಪ್ರೊಡಕ್ಷನ್ ಫಂಡನ್ನು. ಐದು ಕೋಟಿಯಿಂದ ಶುರುವಾಗಿ ಹತ್ತು ಕೋಟಿ ಡಾಲರಿಗೆ ಬೆಳೆದ ಈ ನಿಧಿ, ಕಟ್ಟಡ ಏಳುವ ಹೊತ್ತಿಗೆ ಕಡಿಮೆ ಬಡ್ಡಿಯ ಸಾಲ ಕೊಡುತ್ತದೆ. ಆ ಹಂತದಲ್ಲಿ ಖಾಸಗಿ ಹೂಡಿಕೆದಾರರು ಕೇಳುವ ಲಾಭವೇ ಎಲ್ಲಕ್ಕಿಂತ ದುಬಾರಿ. ಕಟ್ಟಡ ಮುಗಿದು ಬಾಡಿಗೆ ಬರತೊಡಗಿದ ಮೇಲೆ ದೀರ್ಘಾವಧಿ ಸಾಲ ತಂದು ನಿಧಿಯ ದುಡ್ಡನ್ನು ಹಿಂದಿರುಗಿಸುತ್ತಾರೆ. ಅದೇ ದುಡ್ಡು ಮುಂದಿನ ಕಟ್ಟಡಕ್ಕೆ. ನಮ್ಮ ಹೆಂಗಸರ ಸ್ವಸಹಾಯ ಸಂಘದ ಸುತ್ತುನಿಧಿ ನೋಡಿದವರಿಗೆ ಇದು ಹೊಸದೇನಲ್ಲ. ಈ ನಿಧಿಯಿಂದ ಎದ್ದ ಮೊದಲ ಕಟ್ಟಡ, ಶೇಡಿ ಗ್ರೋವ್ ಮೆಟ್ರೊ ನಿಲ್ದಾಣದ ಹತ್ತಿರದ ಲಾರಿಯೇಟ್, 268 ಮನೆಗಳದ್ದು. ಅದರಲ್ಲಿ ಸುಮಾರು 30 ಶೇಕಡಾ ಮಾತ್ರ ಕಡಿಮೆ ಬಾಡಿಗೆಯವು. ಹೌದು, ಇದರಿಂದ ಕಡುಬಡವರಿಗೆ ಹೆಚ್ಚು ಮನೆ ಸಿಗುವುದಿಲ್ಲ. ಆದರೆ ದುಡ್ಡು ಮುಗಿಯುವುದೂ ಇಲ್ಲ, ಕಟ್ಟಡದ ದೊಡ್ಡ ಪಾಲಿನ ಒಡೆತನ ಸಾರ್ವಜನಿಕ ಸಂಸ್ಥೆಯದು.

ನಿಮ್ಮ ಕೌಂಟಿಗೆ ಯಾವುದು ಹೊಂದುತ್ತದೆ ಎಂಬುದು ರಾಜ್ಯದ ಕಾನೂನಿನ ಮೇಲೆ ನಿಂತಿದೆ. ಟೆಕ್ಸಾಸಿನಲ್ಲಿ ಕೂತು ಮಾಂಟ್ಗೊಮೆರಿಯ ನಿಯಮವನ್ನೇ ತನ್ನಿ ಎಂದು ಕೇಳುವ ಮೊದಲು ಅಲ್ಲಿ ಅದಕ್ಕೆ ಅವಕಾಶವಿದೆಯೇ ಎಂದು ವಿಚಾರಿಸಿ.

ಏಳನೆಯದು: ಕಟ್ಟಿದ ಮೇಲಿನ ಖರ್ಚು

ಇದನ್ನು ಮರೆಯುವವರೇ ಹೆಚ್ಚು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಬಾಂಡಿನ ದುಡ್ಡು ನೆಲ ಕೊಳ್ಳಲು, ಕಟ್ಟಲು ಮಾತ್ರ. ಬೀದಿಯಿಂದ ಬಂದವರನ್ನು ನೋಡಿಕೊಳ್ಳುವ ಸಮಾಜ ಕಾರ್ಯಕರ್ತೆಯ ಸಂಬಳಕ್ಕೆ ಅದನ್ನು ಬಳಸುವಂತಿಲ್ಲ. ಅಂಗವೈಕಲ್ಯದಿಂದ ದುಡಿಯಲಾಗದ ಒಬ್ಬರಿಗೆ ಒಕ್ಕೂಟ ಸರ್ಕಾರದ ಎಸ್‌ಎಸ್‌ಐ ಸಹಾಯಧನ 2025ರಲ್ಲಿ ತಿಂಗಳಿಗೆ ಗರಿಷ್ಠ 967 ಡಾಲರ್ ಇತ್ತು. ಅದರ 30 ಶೇಕಡಾ 290. ಮೇಲಿನ ಲೆಕ್ಕದಲ್ಲಿ ಮನೆಯ ನಿರ್ವಹಣೆಗೇ ತಿಂಗಳಿಗೆ ಸುಮಾರು 790 ಬೇಕಿತ್ತು. ಈ ವ್ಯತ್ಯಾಸವನ್ನು ಹೌಸಿಂಗ್ ಅಥಾರಿಟಿ ಕೊಡುವ ವೋಚರುಗಳು, ಅಂದರೆ ಬಾಡಿಗೆಯ ಸಹಾಯಧನ, ತುಂಬಬೇಕು. ಹಾಗಾಗಿ ಕಡತದಲ್ಲಿ ಹುಡುಕಿ: ಎಷ್ಟು ಮನೆಗಳಿಗೆ ವೋಚರು, ಎಷ್ಟು ವರ್ಷಕ್ಕೆ, ಕಾರ್ಯಕರ್ತರ ಸಂಬಳ ಯಾವ ನಿಧಿಯಿಂದ?

ಎಂಟನೆಯದು: ವಿಚಾರಣೆಯ ದಿನ

ಕ್ಯಾಲಿಫೋರ್ನಿಯಾದ ಬ್ರೌನ್ ಆಕ್ಟ್ ಪ್ರಕಾರ ನಿಯಮಿತ ಸಭೆಯ ಕಾರ್ಯಸೂಚಿ 72 ಗಂಟೆ ಮೊದಲೇ ಪ್ರಕಟವಾಗಬೇಕು. ಅದರ ಜೊತೆ ಬರುವ ಸಿಬ್ಬಂದಿ ವರದಿಯಲ್ಲಿ ದುಡ್ಡಿನ ಮೂಲ ಮತ್ತು ವೆಚ್ಚದ ಪಟ್ಟಿಯೊಂದಿರುತ್ತದೆ. ಮೇಲಿನ ಲೆಕ್ಕವನ್ನು ಅದರ ಪಕ್ಕದಲ್ಲಿಟ್ಟು ಓದಿ. ಹಿಂದಿನ ದಿನವೇ ಒಂದು ಪುಟದ ಪತ್ರ ಕಳಿಸಿ, ಏಕೆಂದರೆ ಮೈಕಿನಲ್ಲಿ ಸಿಗುವುದು ಒಂದೆರಡು ನಿಮಿಷ.

ನಮ್ಮ ಬೀದಿಯ ವಿಚಾರಣೆಗೆ ಊರಿನಲ್ಲಿ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತರಾಗಿ ಮಗಳ ಮನೆಯಲ್ಲಿರುವ ಹಿರಿಯರಾದ ರಾಯರು ಬಂದಿದ್ದರು. ಅವರಿಗಿಂತ ಮೊದಲು ಮಾತಾಡಿದವರೆಲ್ಲ ಬೇಕು, ಬೇಡ ಎಂದಷ್ಟೇ ಹೇಳಿ ಕೂತಿದ್ದರು. ರಾಯರು ಕನ್ನಡಕ ಏರಿಸಿಕೊಂಡು, ವರದಿಯ ಪುಟಸಂಖ್ಯೆ ಹೇಳಿ, ಎರಡೇ ಪ್ರಶ್ನೆ ಕೇಳಿದರು. ಕಡಿಮೆ ಬಾಡಿಗೆಯ ಕರಾರು 55 ವರ್ಷ ಎಂದಿದೆ, 56ನೇ ವರ್ಷ ಕಟ್ಟಡ ಯಾರದು? ರಾಜ್ಯದ ನಿಧಿ ಈ ಸುತ್ತಿನಲ್ಲಿ ಸಿಗದಿದ್ದರೆ ಕೌಂಟಿ ಕಾಯುತ್ತದೋ, ಹೆಚ್ಚು ಕೊಡುತ್ತದೋ? ಅಲ್ಲಿಯವರೆಗೆ ಫೋನು ನೋಡುತ್ತಿದ್ದ ಅಧಿಕಾರಿ ತಲೆ ಎತ್ತಿ ಪೆನ್ನು ತೆಗೆದುಕೊಂಡರು. ಮೊದಲ ಪ್ರಶ್ನೆಗೆ ನೆಲ ಗುತ್ತಿಗೆಯದ್ದು, ಕೌಂಟಿಗೇ ಮರಳುತ್ತದೆ ಎಂಬ ಉತ್ತರ ಅಲ್ಲೇ ಬಂತು. ಎರಡನೆಯದಕ್ಕೆ ಬರೆದು ತಿಳಿಸುತ್ತೇವೆ ಎಂದರು. ಬರೆದು ತಿಳಿಸಿದರು ಕೂಡ, ಮೂರು ವಾರದ ನಂತರ, ಅದೂ ರಾಯರು ಎರಡು ಸಲ ನೆನಪಿಸಿದ ಮೇಲೆ.

ಮನೆಯ ಬೆಲೆಯ ಬಗ್ಗೆ ಮಾತಾಡಬೇಕೆಂದಿದ್ದರೆ ಮಾತಾಡಿ, ಅದು ನಿಮ್ಮ ಹಕ್ಕು. ಆದರೆ ಬರುವವರು ಎಂಥವರೋ ಎಂಬ ಧಾಟಿಯ ಮಾತು ಬೇಡ. ನಾವೂ ಒಂದು ಕಾಲಕ್ಕೆ ಅಂಥದೇ ಮಾತುಗಳ ನಡುವೆ ಬಂದು ಇಳಿದವರು. ಅದಲ್ಲದೆ ಇಲ್ಲಿಯ ಸಮಾನ ವಸತಿ ಕಾನೂನು ಅಂಥ ಕಾರಣಕ್ಕೆ ಯೋಜನೆಯನ್ನು ತಡೆಯಲು ಬಿಡುವುದಿಲ್ಲ.

ಮತ ಬಿದ್ದ ಮೇಲೆ

ಒಪ್ಪಿಗೆಯಿಂದ ಬೀಗದ ಕೈವರೆಗೆ ಮೂರು ನಾಲ್ಕು ವರ್ಷ ಸುಲಭವಾಗಿ ಹೋಗುತ್ತದೆ. ನಡುವೆ ಕ್ರೆಡಿಟ್ ಹಂಚಿಕೆಯ ಸುತ್ತುಗಳನ್ನು ಗಮನಿಸುತ್ತಿರಿ. 2025ರ ಜುಲೈನ ಒಕ್ಕೂಟ ಕಾನೂನು, 4 ಶೇಕಡಾ ಕ್ರೆಡಿಟ್‌ಗೆ ಅರ್ಹವಾಗಲು ಯೋಜನೆಯ ವೆಚ್ಚದಲ್ಲಿ ತೆರಿಗೆ ಇಲ್ಲದ ಬಾಂಡಿನಿಂದ ಬರಬೇಕಿದ್ದ ಪಾಲನ್ನು ಅರ್ಧದಿಂದ ಕಾಲು ಭಾಗಕ್ಕೆ ಇಳಿಸಿದೆ. ಸಾಲಿನಲ್ಲಿ ಕಾದು ನಿಂತ ಎಷ್ಟೋ ಯೋಜನೆಗಳಿಗೆ ಇದರಿಂದ ದಾರಿ ತೆರೆಯಬಹುದು, ನಿಮ್ಮ ಊರಿನದ್ದು ಅದರಲ್ಲಿದೆಯೇ ಎಂದು ಕೌಂಟಿಯ ವಸತಿ ಕಚೇರಿಗೆ ಒಂದು ಇಮೇಲ್ ಹಾಕಿ.

ಕಟ್ಟಡ ಮುಗಿಯುವ ಕೆಲವು ತಿಂಗಳು ಮೊದಲು ಅರ್ಜಿ ಕರೆಯುತ್ತಾರೆ. ಕಿಟಕಿ ತೆರೆದಿರುವುದು ಕೆಲವೇ ದಿನ ಅಥವಾ ವಾರ. ಸಾಮಾನ್ಯವಾಗಿ ಲಾಟರಿ ಎತ್ತುವುದರಿಂದ ಮೊದಲ ದಿನ ಹಾಕಿದವರಿಗೂ ಕೊನೆಯ ದಿನ ಹಾಕಿದವರಿಗೂ ವ್ಯತ್ಯಾಸವಿಲ್ಲ, ಹಾಕದವರಿಗೆ ಮಾತ್ರ ನಷ್ಟ. ಸಂಬಳದ ಚೀಟಿ, ತೆರಿಗೆ ಪತ್ರ, ಬ್ಯಾಂಕಿನ ಲೆಕ್ಕ, ಮನೆಯಲ್ಲಿರುವ ಎಲ್ಲರ ಗುರುತಿನ ಕಾಗದ ಒಂದು ಕಡೆ ಇರಲಿ. ನಮ್ಮ ಗುಂಪಿನಲ್ಲಿ ಈಗ ಒಂದು ರೂಢಿ ಬಂದಿದೆ. ಅರ್ಜಿಯ ದಿನ ಪ್ರಕಟವಾದ ಕೂಡಲೇ ಅದನ್ನು ಮನೆಗೆಲಸಕ್ಕೆ ಬರುವವರಿಗೆ, ಮಗುವಿನ ಆಯಾಗೆ, ಅಂಗಡಿಯ ಹುಡುಗರಿಗೆ ಕಳಿಸುತ್ತೇವೆ. ಟ್ರೇಸಿಯಿಂದ ಬರುವಾಕೆಗೆ ನನ್ನ ಹೆಂಡತಿ ಅಡುಗೆಮನೆಯ ಮೇಜಿನ ಮೇಲೆ ಅರ್ಜಿ ತುಂಬಿಸಿಕೊಟ್ಟಳು. ಲಾಟರಿಯಲ್ಲಿ ಅವಳ ಸಂಖ್ಯೆ 214, ಮನೆಗಳು 60. ಮುಂದಿನ ಕಟ್ಟಡದ ಅರ್ಜಿಗೆ ಅದೇ ಕಾಗದಗಳನ್ನು ಹಳದಿ ಲಕೋಟೆಯಲ್ಲಿ ಹಾಕಿ ಫ್ರಿಜ್ಜಿನ ಮೇಲೆ ಇಟ್ಟಿದ್ದೇವೆ.